ಮುಯ್ಯಿ ಬಾಕಿ ಇದ್ದವರಿಗೆ ವೀಸಾ

ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ನಾನು ದಿನಾ ವಿದೇಶಕ್ಕೆ ಹೋಗಿ ಬಂದವಳು. ಪಾಸ್‌ಪೋರ್ಟ್ ಕೇಳಿದವರಿಲ್ಲ, ವೀಸಾ ಕೇಳಿದವರಿಲ್ಲ. ಕೈಯಲ್ಲೊಂದು ಬೆತ್ತ, ಎದುರಿಗೊಂದು ಗೋಡೆ ನಕ್ಷೆ, ಅಷ್ಟಿದ್ದರೆ ಸಾಕಿತ್ತು. ಎರಡನೇ ಪಿರಿಯಡ್ಡಿಗೆ ಈಜಿಪ್ಟು, ಊಟದ ಬಿಡುವು ಮುಗಿಸಿ ಬಂದು ರೋಮ್, ಸಂಜೆ ಗಂಟೆ ಹೊಡೆಯುವುದರೊಳಗೆ ಗ್ರೀಸಿನ ದ್ವೀಪಗಳನ್ನೆಲ್ಲ ಬೆತ್ತದ ತುದಿಯಲ್ಲಿ ಮುಟ್ಟಿ ಮುಗಿಸುತ್ತಿದ್ದೆ. ಸಮಾಜ ವಿಜ್ಞಾನದ ಟೀಚರಿಗೆ ಇರುವ ಈ ಸುಖ ಗಣಿತದ ಟೀಚರಿಗಿಲ್ಲ ಎಂದು ಸ್ಟಾಫ್ ರೂಮಿನಲ್ಲಿ ಜಂಬವನ್ನೂ ಕೊಚ್ಚಿಕೊಂಡದ್ದುಂಟು. ನಿಜ ಹೇಳಬೇಕೆಂದರೆ ನನ್ನ ವರ್ಗಾವಣೆಗಳು ಶಿರಸಿ, ಸಿದ್ದಾಪುರ, ಯಲ್ಲಾಪುರ ಈ ಮೂರು ತಾಲೂಕು ದಾಟಿ ಆಚೆ ಹೋದದ್ದಿಲ್ಲ. ನಕ್ಷೆಯಲ್ಲಿ ಈ ಮೂರೂ ನನ್ನ ಕಿರುಬೆರಳ ಉಗುರಿನಡಿ ಮುಚ್ಚಿಹೋಗುತ್ತವೆ.

ನಿವೃತ್ತಿಯಾದ ಮೇಲೆ ಬೆತ್ತವೂ ಹೋಯಿತು, ನಕ್ಷೆಯೂ ಹೋಯಿತು. ವಿದೇಶ ಪ್ರವಾಸಕ್ಕೆ ಬೇರೆ ದಾರಿ ಹುಡುಕಬೇಕಾಯಿತು. ಹಾಗಾಗಿ ಈ ವರ್ಷ, ವಿಮಾನ ಹತ್ತಿ ನಿಜವಾಗಿಯೂ ಗ್ರೀಸಿಗೆ ಹೋಗುತ್ತೇನೆಂದು ಒಂದು ದಿನ ಊಟದ ಹೊತ್ತಿನಲ್ಲಿ ಘೋಷಿಸಿಬಿಟ್ಟೆ. ನಮ್ಮನೆಯವರು ರೊಟ್ಟಿ ಮುರಿಯುತ್ತಿದ್ದ ಕೈಯನ್ನು ಹಾಗೇ ನಿಲ್ಲಿಸಿ, "ಅಲ್ಲಿ ರೊಟ್ಟಿ ಸಿಗತೈತೇನು?" ಎಂದರು. ಸಿಗುವುದಿಲ್ಲ ಎಂದೆ. "ಹಂಗಾರ ನೀ ಹೋಗಿ ಬಾ" ಎಂದು ಊಟ ಮುಂದುವರಿಸಿದರು. ಅಷ್ಟರಲ್ಲಿ ಅವರ ವಿದೇಶ ಪ್ರವಾಸ ಮುಗಿದಿತ್ತು.

ಗ್ರೀಸೇ ಯಾಕೆ ಎಂದು ನೀವು ಕೇಳಬಹುದು, ಕೇಳದವರೇ ಇಲ್ಲ. ನಮ್ಮೂರು ಬನವಾಸಿ ರಸ್ತೆಯಲ್ಲಿದೆ. ಸುತ್ತ ಅನಾನಸು, ಶುಂಠಿ, ಭತ್ತದ ಗದ್ದೆ. ಚಳಿಗಾಲದಲ್ಲಿ ಒಮ್ಮೊಮ್ಮೆ ಬಿಳಿ ಜನ ಕ್ಯಾಮೆರಾ ತೂಗಿಕೊಂಡು ಬಂದು, ಬನವಾಸಿಯ ದೇವಸ್ಥಾನದ ಕಲ್ಲಾನೆಯ ಮುಂದೆ ಬಹಳ ಹೊತ್ತು ನಿಂತು, ಆಮೇಲೆ ನಮ್ಮ ಹೊಲದ ಬದುವಿನಲ್ಲಿ ಅನಾನಸು ಕೊಯ್ಯುವವರ ಫೋಟೋವನ್ನೂ ಹೊಡೆದುಕೊಂಡು ಹೋಗುತ್ತಾರೆ. ಹತ್ತಿರಹತ್ತಿರ ಎರಡು ಸಾವಿರ ವರ್ಷದ ಹಿಂದೆ, ಗ್ರೀಕ್ ಭಾಷೆಯಲ್ಲಿ ಬರೆಯುತ್ತಿದ್ದ ಒಬ್ಬ ಭೂಗೋಳಕಾರ ಜಗತ್ತಿನ ಊರುಗಳನ್ನೆಲ್ಲ ಪಟ್ಟಿ ಮಾಡುವಾಗ ನಮ್ಮ ಬನವಾಸಿಯ ಹೆಸರನ್ನೂ ಸೇರಿಸಿದ್ದನಂತೆ. ಪುಣ್ಯಾತ್ಮ ಇತ್ತ ಕಾಲಿಟ್ಟವನಲ್ಲ. ಬಂದುಹೋದ ವ್ಯಾಪಾರಿಗಳ ಬಾಯಿಂದ ಕೇಳಿ ಬರೆದಿರಬೇಕು. ಅಂದರೆ ಅವನದೂ ನನ್ನ ಹಾಗೆ ಬೆತ್ತದ ಪ್ರವಾಸವೇ. ಆದರೂ ಅಷ್ಟು ದೂರ ಕೂತು ನಮ್ಮೂರ ಹೆಸರನ್ನು ನೆನಪಿಟ್ಟು ಬರೆದನಲ್ಲ, ಅವನ ಭಾಷೆಯವರ ಊರಿಗೆ ನಾವೂ ಒಮ್ಮೆ ಹೋಗಿ ಬರುವುದು ಮರ್ಯಾದೆ ಎಂದು ನನಗನ್ನಿಸಿತು. ನಮ್ಮ ಕಡೆ ಇದಕ್ಕೆ ಮುಯ್ಯಿ ತೀರಿಸುವುದು ಎನ್ನುತ್ತಾರೆ.

ಮುಯ್ಯಿ ಎಂದರೆ ಏನು ಎಂದು ಗೊತ್ತಿಲ್ಲದ ಪೇಟೆಯ ಓದುಗರು ಇರಬಹುದು. ಬೇಸಿಗೆಯಲ್ಲಿ ಶಾವಿಗೆ ಹೊಸೆಯಲು ಓಣಿಯ ಹೆಂಗಸರೆಲ್ಲ ಇವತ್ತು ನಮ್ಮನೆಗೆ ಬರುತ್ತಾರೆ. ನಾಳೆ ಅವರ ಮನೆಯ ಶಾವಿಗೆಗೆ ನಾವು ಹೋಗಬೇಕು. ಮಳೆಗಾಲದಲ್ಲಿ ಭತ್ತದ ನಟ್ಟಿಗೂ ಹಾಗೆ, ಮದುವೆಮನೆಯ ರೊಟ್ಟಿಗೂ ಹಾಗೆ. ಕೂಲಿಯ ಮಾತಿಲ್ಲ, ಬರೆದಿಡುವ ಪದ್ಧತಿಯಿಲ್ಲ. ಯಾರ ಮುಯ್ಯಿ ಯಾರ ಮೇಲಿದೆ ಎಂಬುದು ಎಲ್ಲರ ತಲೆಯಲ್ಲೂ ಇರುತ್ತದೆ. ಮರೆತವಳಿಗೆ ಊರಲ್ಲಿ ಮರ್ಯಾದೆ ಇರುವುದಿಲ್ಲ.

ಈಗ ನಿಜವಾದ ವಿಷಯಕ್ಕೆ ಬರುತ್ತೇನೆ. ಗ್ರೀಸು, ಭೂಗೋಳಕಾರ ಎಲ್ಲ ನಾನು ಜನರಿಗೆ ಕೊಡುತ್ತಿದ್ದ ಕಾರಣ. ಮನಸ್ಸಿನಲ್ಲಿದ್ದ ಮುಯ್ಯಿ ಬೇರೆಯೇ. ಅದು ನನ್ನ ನೆಗೆಣ್ಣಿ ಶಾಂತಾಳದು, ಅಂದರೆ ನನ್ನ ಮೈದುನನ ಹೆಂಡತಿಯದು. ನಾನು ಸಿದ್ದಾಪುರ ಸೀಮೆಯ ಹೇರೂರಿನಲ್ಲಿ ಮಾಸ್ತರಿಕೆ ಮಾಡುವಾಗ ಸೋಮವಾರ ಮೊದಲ ಬಸ್ಸಿಗೆ ಹೋದರೆ ಶನಿವಾರವೇ ಮನೆ. ಆಮೇಲೆ ಯಲ್ಲಾಪುರಕ್ಕೆ ವರ್ಗವಾದಾಗಲೂ ಅದೇ ಕಥೆ. ಅಷ್ಟು ವರ್ಷ ಮನೆಯ ಒಲೆ, ಎಮ್ಮೆ, ಅತ್ತೆಯವರ ಔಷಧಿ, ನನ್ನ ಎರಡು ಮಕ್ಕಳ ಜಡೆ, ಜ್ವರ, ಜಗಳ ಎಲ್ಲ ಶಾಂತಾಳ ಪಾಲು. ನನ್ನ ಮಗಳು ಮೊದಲ ಸಲ 'ಅವ್ವಾ' ಅಂದದ್ದು ಅವಳ ಸೊಂಟದ ಮೇಲೆ ಕೂತು. ಸುದ್ದಿ ಹೇಳುವಾಗ ಶಾಂತಾ ಮೆಲ್ಲಗೆ, "ನಿಮ್ಮನ್ನ ನೆನಸಿಕೊಂಡಾಳ್ರಿ ಅಕ್ಕಾರ" ಎಂದಳು. ಅವಳು ಆಡಿದ ಸುಳ್ಳುಗಳಲ್ಲಿ ನಾನು ಹೆಚ್ಚು ಪ್ರೀತಿಸುವುದು ಅದನ್ನೇ. ಅವಳಿಲ್ಲದಿದ್ದರೆ ನನ್ನ ನೌಕರಿ ಇಲ್ಲ, ನೌಕರಿ ಇಲ್ಲದಿದ್ದರೆ ನಾನು ಯಾರೋ. ಇದನ್ನು ಸುತ್ತಿ ಬಳಸಿ ಹೇಳುವುದೇನಿದೆ, ನಾನು ಅವಳಿಗೆ ಋಣಿ.

ಅವಳನ್ನು ಕರೆದೆ. ಮೊದಲು ನಕ್ಕಳು. ಆಮೇಲೆ ಹಿಟ್ಟಿನ ಕೈಯಲ್ಲೇ ಹಣೆಯ ಕೂದಲು ಸರಿಸುತ್ತ ಒಂದು ಪ್ರಶ್ನೆ ಕೇಳಿದಳು. ನೌಕರಿಯ ದಿನಗಳಲ್ಲಿ ಭಾನುವಾರ ಸಂಜೆ ನಾನು ವಾರದ ಪಾಠಗಳನ್ನು ಅಡುಗೆಮನೆಯಲ್ಲಿ ಕೂತು ಗಟ್ಟಿಯಾಗಿ ಹೇಳಿಕೊಳ್ಳುತ್ತಿದ್ದೆ. ಅವಳು ಎದುರಿಗೆ ರೊಟ್ಟಿ ಬಡಿಯುತ್ತಿದ್ದಳು. ರೊಟ್ಟಿಯ ಸದ್ದಿನ ನಡುವೆಯೇ ಅವಳು, ಹಳೆಯ ಒಲಿಂಪಿಕ್ ಆಟಗಳು ನಡೆಯುತ್ತಿದ್ದ ಒಲಿಂಪಿಯಾದ ಪಾಠ ಕೇಳಿಸಿಕೊಂಡಿದ್ದಳು.

"ಅಕ್ಕಾರ, ಆ ಓಡೂ ಬಯಲಿನ್ಯಾಗ ಮದುವಿಯಾದ ಹೆಂಗಸರನ್ನ ಬಿಡ್ತಿರಲಿಲ್ಲ ಅಂತ ಹೇಳಿದ್ರೆಲ್ಲ. ಈಗ ಬಿಡ್ತಾರೇನ್ರಿ?"

"ಈಗ ಟಿಕೆಟ್ ತಗೊಂಡ್ರ ಯಾರನ್ನಾದ್ರೂ ಬಿಡ್ತಾರ."

"ಹಂಗಾರ ನಾ ಬರ್ತೀನಿ. ಈ ಕಡಿಂದ ಆ ಕಡಿಗೆ ಒಂದ್ಸಲ ಓಡೇ ಬರ್ತೀನಿ."

ಶಾಂತಾ ಶಾಲೆಗೆ ಹೋದದ್ದು ಏಳನೆಯ ಇಯತ್ತೆವರೆಗೆ. ಓಟದಲ್ಲಿ ಅವಳೇ ಮುಂದಿರುತ್ತಿದ್ದಳಂತೆ. ಆಮೇಲೆ ಓಡಿದ್ದೆಲ್ಲ ಬಿಚ್ಚಿಕೊಂಡ ಎಮ್ಮೆಯ ಹಿಂದೆ. ಅವಳು ಹಾಗೆ ಹೇಳಿದ್ದೇ ತಡ, ನನ್ನ ಗ್ರೀಸು ಹಿಂದೆ ಸರಿದು ಅವಳ ಗ್ರೀಸು ಮುಂದೆ ಬಂತು. ಅವಳನ್ನು ಆ ಬಯಲಿನಲ್ಲಿ ಓಡಿಸಿಯೇ ತೀರಬೇಕೆಂದು ಹಟ ಹಿಡಿಯಿತು ನನಗೆ.

ಮೊದಲ ವಿಘ್ನ ಬಂದದ್ದು ಫೋಟೋ ಸ್ಟುಡಿಯೋದಲ್ಲಿ. ವೀಸಾ ಫೋಟೋದಲ್ಲಿ ನಗಬಾರದಂತೆ. ಶಾಂತಾಳ ಮುಖ ಸುಮ್ಮನಿದ್ದರೂ ನಕ್ಕ ಹಾಗಿರುತ್ತದೆ, ದೇವರು ಹಾಗೇ ಮಾಡಿ ಕಳಿಸಿದ್ದಾನೆ. "ಅಮ್ಮಾ, ನಗಬೇಡಿ" ಎಂದು ಫೋಟೋದವನು ಹೇಳಿದಷ್ಟೂ ಅವಳಿಗೆ ನಗು ಉಕ್ಕಿ ಬಂತು. ಅವಳನ್ನು ನೋಡಿ ನನಗೂ, ನನ್ನನ್ನು ನೋಡಿ ಅವನಿಗೂ. ಕೊನೆಗೆ ಅತ್ತೆಯವರನ್ನು ನೆನೆಸಿಕೋ ಎಂದು ನಾನೇ ಉಪಾಯ ಹೇಳಿಕೊಟ್ಟೆ. ಕೆಲಸ ಮಾಡಿತು. ಫೋಟೋದಲ್ಲಿ ನಾವಿಬ್ಬರೂ ಹಲ್ಲುನೋವಿನ ಅಕ್ಕತಂಗಿಯರಂತೆ ಬಂದಿದ್ದೇವೆ. ಹೀಗಿರುವ ಮುಖಗಳನ್ನು ಯಾವ ದೇಶವಾದರೂ ಒಳಗೆ ಬಿಟ್ಟುಕೊಳ್ಳುತ್ತದಾದರೆ ಅದು ಆ ದೇಶದ ದೊಡ್ಡತನ.

ಮುಂದಿನದು ಪ್ರವಾಸದ ಯೋಜನೆ. ಯಾವ ದಿನ ಎಲ್ಲಿ ಮಲಗುತ್ತೀರಿ, ಎಲ್ಲಿ ಏಳುತ್ತೀರಿ, ಏನು ನೋಡುತ್ತೀರಿ, ಎಲ್ಲ ಮೊದಲೇ ಬರೆದು ಕೊಡಬೇಕಂತೆ. ಬೇರೆಯವರಿಗೆ ಇದು ತಲೆನೋವು, ನನಗೆ ಹಬ್ಬ. ನಾನು ಜೀವಮಾನವಿಡೀ ಬರೆದದ್ದು ಇದನ್ನೇ, ಪಾಠ ಯೋಜನೆ. ಉದ್ದೇಶ, ಬೋಧನೋಪಕರಣ, ಚಟುವಟಿಕೆ, ಮೌಲ್ಯಮಾಪನ. ಅಕ್ರೋಪೊಲಿಸ್‌ಗೆ ಒಂದು ಬೆಳಗು ಇಟ್ಟೆ, ಡೆಲ್ಫಿಗೆ ಒಂದು ಇಡೀ ದಿನ, ಮ್ಯಾರಥಾನ್ ಬಯಲಿಗೆ ಒಂದು ಸಂಜೆ. ಒಲಿಂಪಿಯಾದ ಎದುರು 'ಚಟುವಟಿಕೆ: ಓಟ' ಎಂದು ಬರೆದು, ಆಮೇಲೆ ಅಳಿಸಿದೆ. ಬರೆದ ಪಾಠ ಯೋಜನೆಯಂತೆ ಒಂದು ದಿನವೂ ಪಾಠ ನಡೆಯಲಿಲ್ಲ ಎಂಬುದು ನನಗೂ ಗೊತ್ತು, ಅದನ್ನು ನೋಡಿ ಸಹಿ ಹಾಕುತ್ತಿದ್ದ ಇನ್‌ಸ್ಪೆಕ್ಟರರಿಗೂ ಗೊತ್ತಿತ್ತು. ಆದರೂ ಬರೆಯುವಾಗ ಒಂದು ಸುಖ ಇತ್ತು. ಬರೆದ ಯೋಜನೆಯೊಳಗೆ ಮಳೆ ಬರುವುದಿಲ್ಲ, ಕರೆಂಟು ಹೋಗುವುದಿಲ್ಲ, ಕಾಲು ನೋಯುವುದಿಲ್ಲ.

ಹೇರೂರಿನಲ್ಲಿ ನಾನು ಬಾಡಿಗೆಗಿದ್ದ ಮನೆಯ ವಿಜಯಾ, ನನ್ನ ಜೊತೆಯ ಟೀಚರೂ ಹೌದು, ಹಿಂದೊಮ್ಮೆ ಯುರೋಪು ಸುತ್ತಿ ಬಂದವಳು. ಅವಳಿಗೆ ಫೋನ್ ಮಾಡಿದೆ. ಬೇರೆಯವರೊಡನೆ ಪುಸ್ತಕದ ಕನ್ನಡ ಮಾತಾಡುವ ವಿಜಯಾ ಖುಷಿಯಾದರೆ ತನ್ನ ಮನೆಮಾತಾದ ಹವ್ಯಕ ಕನ್ನಡಕ್ಕೇ ಇಳಿಯುತ್ತಾಳೆ. "ಎಂತಕ್ಕೆ ಹೆದ್ರಿಕೆ ಮಾರಾಯ್ತಿ? ಆನು ಹೋಗಿದ್ದಿ, ಎಂತದೂ ತೊಂದ್ರೆ ಇಲ್ಲೆ. ಮಜ್ಜಿಗೆ ಮೆಣಸು ಒಂದು ಮರೀಡ" ಎಂದಳು. ಅಥೆನ್ಸಿನ ಬಗ್ಗೆ ನಾನು ಪುಸ್ತಕಗಳಲ್ಲಿ ಓದಿದ್ದಕ್ಕಿಂತ ಈ ಒಂದು ಮಾತು ಧೈರ್ಯ ಕೊಟ್ಟಿತು.

ಆ ಧೈರ್ಯ ಶಿರಸಿಯ ಟ್ರಾವೆಲ್ಸ್ ಆಫೀಸಿನವರೆಗೆ ಬಾಳಿತು. ಅಲ್ಲಿ ಸುಮಾ ಎಂಬ ಚುರುಕು ಹೆಂಗಸು ನಮ್ಮ ಕಾಗದಗಳನ್ನೆಲ್ಲ ಎರಡು ಗುಂಪು ಮಾಡಿದಳು. ನನ್ನ ಗುಂಪು ದಪ್ಪ, ಶಾಂತಾಳ ಗುಂಪು ತೆಳ್ಳಗೆ. ತೆಳ್ಳಗಿನ ಗುಂಪಿನ ಮೇಲೆ ಕೈಯಿಟ್ಟು ಸುಮಾ ಹೇಳಿದಳು, "ಟೀಚರ್, ನಿಮ್ಮದು ತೊಂದರೆ ಇಲ್ಲ. ಪೆನ್ಷನ್ ಇದೆ, ಮನೆ ಇದೆ. ಇವರದೇ ಕಷ್ಟ. ಹೋದವರು ವಾಪಸ್ ಬಂದೇ ಬರ್ತಾರೆ ಅನ್ನೋದಕ್ಕೆ ಅವರಿಗೆ ಪುರಾವೆ ಬೇಕು. ಇವರ ಹೆಸರಲ್ಲಿ ಎಂತ ಇದೆ?"

ಹೊಲ ಇನ್ನೂ ನಮ್ಮ ಮಾವನವರ ಹೆಸರಿನಲ್ಲಿದೆ. ಅವರು ತೀರಿಕೊಂಡು ಬಹಳ ಕಾಲವಾಯಿತು, ಆದರೆ ಪಹಣಿಯಲ್ಲಿ ಆರೋಗ್ಯವಾಗಿದ್ದಾರೆ. ಹೀಗಾಗಿ ನನ್ನ ಮೈದುನನ ಹೆಸರಿನಲ್ಲೂ ಏನಿಲ್ಲ. ಶಾಂತಾ ಸ್ವಲ್ಪ ಹೊತ್ತು ಯೋಚಿಸಿ, ಮುಖ ಅರಳಿಸಿ, "ನನ್ನ ಹೆಸರಿಲೆ ಒಂದು ಎಮ್ಮಿ ಐತ್ರಿ" ಎಂದಳು. "ತವರಮನಿಂದ ಕರು ಹೊಡಕೊಂಡು ಬಂದಿದ್ದೆ, ಅದರ ಮಗಳ್ರಿ."

"ಅದಕ್ಕೆ ದಾಖಲೆ ಏನಾದ್ರೂ?"

"ಕಿವ್ಯಾಗ ಹಳದಿ ಬಿಲ್ಲೆ ಹೊಡದಾರಲ್ರಿ. ನಂಬರ್ ಐತಿ."

ಸುಮಾ ನಗಲಿಲ್ಲ, ಅದಕ್ಕೆ ಅವಳಿಗೆ ನಾನು ಕೃತಜ್ಞಳು. ನಿಮ್ಮದು ಬಂದು ಇವರದು ಬರದೆ ಇರಬಹುದು, ಮನಸ್ಸು ಗಟ್ಟಿ ಮಾಡಿಕೊಳ್ಳಿ ಎಂದಷ್ಟೇ ಹೇಳಿದಳು. ಬಸ್ಸಿನಲ್ಲಿ ಮರಳುವಾಗ ಶಾಂತಾ ನನ್ನ ಕೈ ಹಿಡಿದು, "ನಂದು ಬರಲಿಲ್ಲಂದ್ರ ನೀವು ಹೋಗಿ ಬರ್ರಿ ಅಕ್ಕಾರ. ಬಯಲು ಹೆಂಗೈತಿ ಅಂತ ಬಂದು ಹೇಳ್ರಿ, ಸಾಕು" ಎಂದಳು. ಅವಳಿಲ್ಲದೆ ಹೋಗುವುದಾದರೆ ನನಗೆ ಗೋಡೆ ನಕ್ಷೆಯೇ ಸಾಕು ಎಂದು ಆಗಲೇ ತೀರ್ಮಾನಿಸಿಯಾಗಿತ್ತು. ಇಬ್ಬರೂ ಹೋಗಬೇಕು, ಇಲ್ಲವೇ ಯಾರೂ ಇಲ್ಲ.

ಅರ್ಜಿಯ ಜೊತೆ ಒಂದು ವಿವರಣೆಯ ಪತ್ರ ಕೊಡಬೇಕಿತ್ತು. ಶಾಂತಾಳ ಪರವಾಗಿ ನಾನೇ ಬರೆಯಲು ಕೂತೆ. ಯಾವ ಆಸ್ತಿಯೂ ಇಲ್ಲದ ಈ ಹೆಂಗಸು ಮರಳಿ ಬರುತ್ತಾಳೆಂದು ಪರದೇಶದ ಅಧಿಕಾರಿಗೆ ನಂಬಿಸುವುದು ಹೇಗೆ? ಆಸ್ತಿ ಇದ್ದವರು ಅದನ್ನು ಬಿಟ್ಟು ಹೋದ ಕಥೆ ಇತಿಹಾಸದ ತುಂಬ ಇದೆ. ಸಿಂಹಾಸನವನ್ನೇ ಬಿಟ್ಟು ಹೋದವರಿದ್ದಾರೆ. ಆದರೆ ನಮ್ಮ ಓಣಿಯಲ್ಲಿ ಮುಯ್ಯಿ ಬಾಕಿ ಇಟ್ಟು ಹೋದ ಒಬ್ಬ ಹೆಂಗಸನ್ನು ನಾನು ಕಂಡಿಲ್ಲ. ಅದನ್ನೇ ಬರೆದೆ. ಈಕೆ ಗಂಗವ್ವನ ಮನೆಯ ಶಾವಿಗೆಗೆ ಹೋಗುವುದಿದೆ, ಶಂಕ್ರವ್ವನ ಗದ್ದೆಯ ನಟ್ಟಿಗೆ ಹೋಗುವುದಿದೆ, ಓಣಿಯ ಇನ್ನೂ ಹಲವರ ಮುಯ್ಯಿ ಇವಳ ಮೇಲಿದೆ, ಆದ್ದರಿಂದ ಮಳೆಗಾಲಕ್ಕೆ ಮುಂಚೆ ಈಕೆ ಊರಿನಲ್ಲಿ ಇರಲೇಬೇಕು ಎಂದು ಇಂಗ್ಲಿಷಿನಲ್ಲಿ ಸವಿಸ್ತಾರವಾಗಿ ಬರೆದೆ. ಮುಯ್ಯಿ ಎಂಬ ಪದಕ್ಕೆ ಒಂದು ಪ್ಯಾರಾ ಟಿಪ್ಪಣಿಯನ್ನೂ ಕೊಟ್ಟೆ. ಟಿಪ್ಪಣಿ ಬರೆಯಿರಿ ಎಂದು ಪ್ರಶ್ನೆಪತ್ರಿಕೆ ತೆಗೆದ ಕೈ, ಸುಮ್ಮನಿರುವುದಿಲ್ಲ.

ಸುಮಾ ಓದಿ ಕನ್ನಡಕ ತೆಗೆದಿಟ್ಟಳು. "ಟೀಚರ್, ಇದು ಪರೀಕ್ಷೆ ಅಲ್ಲ, ಚೆನ್ನಾಗಿ ಬರೆದರೆ ಮಾರ್ಕ್ ಕೊಡೋದಿಲ್ಲ. ಆ ಶಾವಿಗೆ ಪ್ಯಾರಾ ಒಂದು ತೆಗೀರಿ" ಎಂದಳು. ನಾನು ತೆಗೆಯಲಿಲ್ಲ. ಬೆಂಗಳೂರಿಗೆ ಹೋಗಿ ಇಬ್ಬರೂ ಬೆರಳಚ್ಚು ಒತ್ತಿ ಬಂದೆವು. ಯಂತ್ರದ ಗಾಜಿನ ಮೇಲೆ ಬೆರಳಿಡುವ ಮುಂಚೆ ಶಾಂತಾ ಅದನ್ನು ಸೆರಗಿನಿಂದ ಒರೆಸಿದಳು. ತನ್ನ ಕೈಯನ್ನಲ್ಲ, ಯಂತ್ರವನ್ನು.

ಆಮೇಲೆ ಕಾಯುವ ಕೆಲಸ. ನಮ್ಮ ಕಡೆ ಯಾವುದೇ ದೊಡ್ಡ ಕೆಲಸಕ್ಕೆ ಮುಂಚೆ ದೇವರಲ್ಲಿ ಪ್ರಸಾದ ಕೇಳುವ ಪದ್ಧತಿಯಿದೆ. ಮೂರ್ತಿಯ ಬಲಗಡೆಯ ಹೂವು ಬಿದ್ದರೆ ಆಗುತ್ತದೆ, ಎಡಗಡೆಯದು ಬಿದ್ದರೆ ತಡೆದು ನಿಲ್ಲಬೇಕು. ಹಳೆಯ ಗ್ರೀಕರಿಗೂ ಡೆಲ್ಫಿ ಎಂಬಲ್ಲಿ ಇಂಥದೇ ವ್ಯವಸ್ಥೆ ಇತ್ತು. ಯುದ್ಧಕ್ಕೆ ಹೊರಡುವವರು, ಸಮುದ್ರ ದಾಟುವವರು ಮೊದಲು ಅಲ್ಲಿಗೆ ಹೋಗಿ ದೇವರ ಬಾಯಾದ ಪೂಜಾರಿಣಿಯನ್ನು ಕೇಳುತ್ತಿದ್ದರು. ಅವಳ ಉತ್ತರ ನಮ್ಮ ಇಲಾಖೆಯ ಸುತ್ತೋಲೆಗಳಂತೆ, ಹೌದೆಂದೂ ಅನ್ನಬಹುದು ಅಲ್ಲವೆಂದೂ ಅನ್ನಬಹುದು. ಈಗ ಆ ಜಾಗದಲ್ಲಿ ವೀಸಾ ಕಚೇರಿ ಕೂತಿದೆ. ದಿನಕ್ಕೆ ಹಲವು ಸಲ ಫೋನು ತೆರೆದು ನೋಡಿದರೆ, 'ನಿಮ್ಮ ಅರ್ಜಿ ಪರಿಶೀಲನೆಯಲ್ಲಿದೆ' ಎಂಬ ಅಶರೀರವಾಣಿ. ಹೂವು ಆ ಕಡೆಗೂ ಬೀಳದೆ ಈ ಕಡೆಗೂ ಬೀಳದೆ ಅಲ್ಲೇ ನಿಂತಿತ್ತು.

ಕಾಯುವ ಹೊತ್ತಿಗೆಂದು ಗ್ರೀಕರ ಬಗ್ಗೆ ಓದುತ್ತ ಕೂತಿದ್ದಾಗ ಒಂದು ಸಂಗತಿ ಸಿಕ್ಕಿತು. ಅಲ್ಲಿ ಹಿಂದೆ ದೂರದೂರಿನಿಂದ ಬಂದ ಅತಿಥಿಯನ್ನು ಉಂಡು ತಣಿಯುವತನಕ ಯಾರು, ಯಾವ ಊರು ಎಂದು ಕೇಳುತ್ತಿರಲಿಲ್ಲವಂತೆ. ಹೊರಡುವಾಗ ಒಂದು ಮೂಳೆಯ ಬಿಲ್ಲೆಯನ್ನೋ ಮಣ್ಣಿನ ಬಿಲ್ಲೆಯನ್ನೋ ಎರಡು ತುಂಡು ಮಾಡಿ, ಒಂದನ್ನು ಅತಿಥಿಗೆ ಕೊಟ್ಟು ಇನ್ನೊಂದನ್ನು ಮನೆಯವರು ಇಟ್ಟುಕೊಳ್ಳುತ್ತಿದ್ದರಂತೆ. ಎಷ್ಟೋ ಕಾಲದ ಮೇಲೆ ಅತಿಥಿಯ ಮಗನೋ ಮೊಮ್ಮಗನೋ ಆ ತುಂಡು ಹಿಡಿದು ಬಂದರೆ, ಎರಡನ್ನೂ ಕೂಡಿಸಿ ನೋಡುವುದು. ಕೂಡಿತೋ, ಒಳಗೆ ಬಾ, ಕೈಕಾಲು ತೊಳೆದುಕೋ. ಇವರು ನಮ್ಮವರೇ ಅನ್ನಿಸಿತು. ಇಷ್ಟು ದಿನ ಪರೀಕ್ಷೆಗೆಂದು ಕಲಿಸಿದ ಗ್ರೀಕರಲ್ಲಿ ಎಲ್ಲರೂ ಯುದ್ಧ ಮಾಡುವವರು, ಇಲ್ಲವೇ ತರ್ಕ ಮಾಡುವವರು. ಮುಯ್ಯಿ ಗೊತ್ತಿದ್ದ ಗ್ರೀಕರನ್ನು ಯಾವ ಪಠ್ಯಪುಸ್ತಕವೂ ಹೇಳಿರಲಿಲ್ಲ. ವಿಷಯವನ್ನು ಶಾಂತಾಳಿಗೆ ಹೇಳೋಣವೆಂದು ಅಡುಗೆಮನೆಗೆ ಹೋದರೆ ಅವಳು ಇರಲಿಲ್ಲ.

ಮರುದಿನವೂ ಇರಲಿಲ್ಲ. ಅದರ ಮರುದಿನವೂ ಬೆಳಗಿನ ಕೆಲಸ ಮುಗಿಸಿ ಎಲ್ಲಿಗೋ ಹೋಗಿದ್ದಳು. ಸಂಜೆ ಬಂದು ಸೊಂಟ ಹಿಡಿದುಕೊಂಡು ಕೂತಾಗ ವಿಚಾರಿಸಿದೆ.

"ಮುಯ್ಯಿ ತೀರಸಾಕ ಹತ್ತೀನ್ರಿ" ಎಂದಳು. "ಅಷ್ಟು ದೂರ ಹೋಗೂ ಮುಂದ ಮಂದಿದು ಮೈಮ್ಯಾಲೆ ಇಟಗೊಂಡು ಹೋಗಬಾರದ್ರಿ ಅಕ್ಕಾರ. ಶಂಕ್ರವ್ವಗ ನಟ್ಟಿ ಬದಲಿ ಶುಂಠಿ ಹೊಲದ ಕೆಲಸ ಮಾಡಿ ಕೊಟ್ಟೆ. ಇನ್ನ ಗಂಗವ್ವಾರದೊಂದು ಶಾವಿಗಿ ಉಳದೈತಿ, ನಾಳಿಗೆ ಅದೂ ಆಗತೈತಿ."

"ಏ ಶಾಂತಾ! ನಿನ್ನ ಮ್ಯಾಲೆ ಮುಯ್ಯಿ ಬಾಕಿ ಐತಿ, ಅದಕ್ಕ ಹೊಳ್ಳಿ ಬರ್ತಾಳ ಅಂತ ನಾ ಅವರಿಗೆ ಬರದು ಕೊಟ್ಟೀನಲ್ಲವಾ!"

"ಅಯ್ಯ, ಹಂಗಾರ ನೀವು ಸುಳ್ಳು ಬರದಂಗಾತಲ್ರಿ" ಎಂದಳು, ನನ್ನ ಮೇಲೆ ಕನಿಕರದಿಂದ.

"ಬರಿಯೂ ಮುಂದ ಖರೇನ ಇತ್ತು! ನೀ ಕೂತು ಸುಳ್ಳು ಮಾಡಾಕ ಹತ್ತಿ!"

ಎಷ್ಟು ಹೇಳಿದರೂ ಕೇಳಲಿಲ್ಲ. ವಿಮಾನ ಅಂದರೆ ಹೇಳಲಿಕ್ಕಾಗುವುದಿಲ್ಲ, ಒಂದು ವೇಳೆ ಏನಾದರೂ ಆದರೆ ಗಂಗವ್ವನ ಶಾವಿಗೆ ತನ್ನ ತಲೆಯ ಮೇಲೆಯೇ ಉಳಿದುಬಿಡುತ್ತದೆ ಎಂಬುದು ಅವಳ ವಾದ. ದೇಶ ಬಿಡುವವಳಿಗೆ ಕೈ ಸ್ವಚ್ಛವಿರಬೇಕು. ದೇಶದೊಳಗೆ ಬಿಟ್ಟುಕೊಳ್ಳುವವರಿಗೆ ಆ ಕೈಯನ್ನು ಊರಿಗೆ ಏನಾದರೂ ಕಟ್ಟಿಹಾಕಿರಬೇಕು. ಈ ಎರಡರ ನಡುವೆ ನನ್ನ ಪತ್ರ ಸಿಕ್ಕಿಬಿದ್ದಿತ್ತು.

ಮರುದಿನ ನಾನೂ ಗಂಗವ್ವನ ಅಂಗಳಕ್ಕೆ ಹೋದೆ. ತಡೆಯಲಿಕ್ಕಂತೂ ಆಗದು, ಕೆಲಸ ನಿಧಾನವಾದರೂ ಆಗಲಿ ಎಂಬ ದುರಾಸೆ. ಹೆಂಗಸರೆಲ್ಲ ನೆರಳಿನಲ್ಲಿ ಶಾವಿಗೆ ಮಣೆ ಹಾಕಿಕೊಂಡು ಕೂತಿದ್ದರು. ಶಾಂತಾಳ ಬೆರಳುಗಳಿಂದ ಎಳೆ ಇಳಿಯುವುದನ್ನು ನೋಡುತ್ತ ಕೂರುವುದೇ ಒಂದು ಸೊಗಸು. ಮುದ್ದೆಯಿಂದ ಎಳೆ, ಎಳೆಯಿಂದ ಇನ್ನೂ ಸಣ್ಣ ಎಳೆ, ಎಲ್ಲೂ ತುಂಡಾಗುವುದಿಲ್ಲ. ನಾನು ಹೊಸೆದದ್ದನ್ನು ಗಂಗವ್ವ ಸದ್ದಿಲ್ಲದೆ ತೆಗೆದು ಮತ್ತೆ ಮುದ್ದೆಗೆ ಸೇರಿಸುತ್ತಿದ್ದಳು. ಅಷ್ಟರಲ್ಲಿ ಶಾಂತಾಳ ಫೋನು ರಿಂಗಾಯಿತು. ಅವಳ ಕೈ ಹಿಟ್ಟು. ನಾನೇ ಎತ್ತಿ, ಸ್ಪೀಕರ್ ಒತ್ತಿ ಅವಳ ಮುಂದೆ ಹಿಡಿದೆ. ವೀಸಾ ಅರ್ಜಿಯ ವಿಚಾರಣೆಗಾಗಿ ಮಾಡಿದ ಫೋನು, ಒಬ್ಬ ಹೆಣ್ಣುಮಗಳು, ಅಚ್ಚ ಕನ್ನಡ.

ಹೆಸರು, ಊರು, ಜೊತೆಗೆ ಯಾರು ಎಂಬುದೆಲ್ಲ ಸರಾಗ ಮುಗಿಯಿತು. ಏನು ನೋಡಲು ಹೋಗುತ್ತೀರಿ ಎಂದದ್ದಕ್ಕೆ, "ಓಡೂ ಬಯಲ್ರಿ" ಎಂದಳು. ಆಮೇಲೆ ಬಂತು ನಾನು ಹೆದರಿದ್ದ ಪ್ರಶ್ನೆ. "ಪ್ರವಾಸ ಮುಗಿಸಿ ನೀವು ವಾಪಸ್ ಬರಲೇಬೇಕು ಅನ್ನೋದಕ್ಕೆ ಊರಲ್ಲಿ ನಿಮಗೆ ಏನಿದೆ? ಪತ್ರದಲ್ಲಿ ಮುಯ್ಯಿ ಬಾಕಿ ಇದೆ ಅಂತ ಬರೆದಿದ್ದಾರಲ್ಲ."

ನಾನು ಕಣ್ಣಿನಲ್ಲೇ ಅಂಗಲಾಚಿದೆ. ಶಾಂತಾ ನನ್ನ ಕಡೆ ನೋಡಲೇ ಇಲ್ಲ. "ಇತ್ರಿ. ಈಗ ಏನೂ ಇಲ್ರಿ. ಎಲ್ಲಾ ತೀರಿಸೀನಿ. ಇವತ್ತ ಗಂಗವ್ವಾರದೊಂದಿತ್ತು, ಅದೂ ಮುಗೀತ ಬಂತ್ರಿ" ಎಂದಳು, ಬಹಳ ಸಮಾಧಾನದಿಂದ.

ನನ್ನ ಕಣ್ಣ ಮುಂದೆ ಒಲಿಂಪಿಯಾದ ಬಯಲು ಖಾಲಿಯಾಯಿತು. ಆಗಲೇ ಗಂಗವ್ವ ಎದ್ದು ನಿಂತದ್ದು.

"ಯಾರ್ ಹೇಳಿದ್ರು ಮುಗೀತಂತ? ಮುಗದಿಲ್ಲ!" ಎಂದು ಶಾಂತಾಳ ಮುಂದಿನ ಹಿಟ್ಟಿನ ಮುದ್ದೆಯನ್ನೇ ಕಿತ್ತುಕೊಂಡಳು. "ಶಾವಿಗಿ ಮಣಿ ಬಿಟ್ಟು ಏಳು. ಇವತ್ತಿಂದು ನಾ ಲೆಕ್ಕಕ್ಕ ಹಿಡಿಯಂಗಿಲ್ಲ. ನೀ ಬಂದ ಮ್ಯಾಲೆ ನಮ್ಮ ಹುಡುಗಿ ಮದುವಿಗೆ ರೊಟ್ಟಿ ಬಡಿಯಾಕ ಬರಬೇಕು, ಅವತ್ತ ಹಿಡೀತೀನಿ."

ಶಂಕ್ರವ್ವ ಕೂತಲ್ಲಿಂದಲೇ ದನಿ ಸೇರಿಸಿದಳು. "ನಂದೂ ತೀರಿಲ್ಲ. ನಟ್ಟಿ ಮುಯ್ಯಿಗೆ ಶುಂಠಿ ಕೆಲಸ ಹೆಂಗ ಸಮ ಆದೀತು? ನಟ್ಟಿಗೆ ನಟ್ಟೀನ ಆಗಬೇಕು."

"ಅವತ್ತ ಆತು ಅಂದಿದ್ದೆಲ್ಲವಾ ನೀ?" ಎಂದು ಶಾಂತಾ ಕಕ್ಕಾಬಿಕ್ಕಿ.

"ಅವತ್ತ ಅಂದಿದ್ದೆ. ಇವತ್ತ ಒಲ್ಲೆ."

ಗಂಗವ್ವ ನನ್ನ ಕೈಯಿಂದ ಫೋನು ಎಳೆದುಕೊಂಡು, ಗ್ರೀಸಿನವರೆಗೆ ಕೇಳಿಸಲೆಂಬಂತೆ ಕೂಗಿದಳು, "ಮೇಡಮ್ಮಾರ, ಈಕಿ ಮಾತು ಕೇಳಬ್ಯಾಡ್ರಿ, ಈಕಿಗೆ ತಿಳಿಯಂಗಿಲ್ಲ. ನಮ್ಮಂದಿ ಎಲ್ಲಾರದೂ ಈಕಿ ಮ್ಯಾಲೆ ಬಾಕಿ ಐತಿ. ಬಯಲು ತೋರಸ್ರಿ, ಓಡ್ಲಿ. ಆದ್ರ ಅಲ್ಲೇ ಇಟಗೋಬ್ಯಾಡ್ರಿ, ಹೊಳ್ಳಿ ಕಳಸ್ರಿ. ಈಕಿ ಇಲ್ಲಂದ್ರ ನಮಗ ನಡಿಯಂಗಿಲ್ಲ!"

ಆ ಕಡೆಯಿಂದ "ಆಯ್ತಮ್ಮ, ತಿಳೀತು" ಎಂಬ ಉತ್ತರ. ದನಿಯಲ್ಲಿ ನಗು ಇತ್ತೆಂದು ನಾನು ಆಣೆಯಿಟ್ಟು ಹೇಳಬಲ್ಲೆ. ಫೋನಿಗೆ ಮೆತ್ತಿದ್ದ ಹಿಟ್ಟನ್ನು ಸೆರಗಿನಿಂದ ಒರೆಸುತ್ತ ಶಾಂತಾ ತಲೆ ತಗ್ಗಿಸಿ ಕೂತಿದ್ದಳು. ಅವಳು ಅಳುವುದನ್ನು ನಾನು ಬಹಳ ಸಲ ನೋಡಿಲ್ಲ. ಗಂಗವ್ವ ಕಿತ್ತುಕೊಂಡ ಮುದ್ದೆಯನ್ನು ತಾನೇ ಹೊಸೆಯತೊಡಗಿದಳು.

ಕೆಲವು ದಿನಗಳಲ್ಲಿ ಎರಡು ಪಾಸ್‌ಪೋರ್ಟೂ ಬಂದವು, ಎರಡರಲ್ಲೂ ವೀಸಾ ಇತ್ತು. ಇನ್ಷೂರೆನ್ಸು, ನನ್ನ ಪೆನ್ಷನ್ನು, ಶಾಂತಾಳ ಖರ್ಚಿಗೆ ನಾನು ಕೊಟ್ಟ ಜಾಮೀನು ಇವುಗಳಿಂದ ಆಯಿತು ಎಂಬುದು ಸುಮಾಳ ಅಭಿಪ್ರಾಯ. ತಾನು ಕೂಗಿದ್ದರಿಂದ ಆಯಿತು ಎಂಬುದು ಗಂಗವ್ವನ ಅಭಿಪ್ರಾಯ, ಅದನ್ನವಳು ಸಂತೆಯಲ್ಲೂ ಹೇಳಿಕೊಂಡು ಬಂದಿದ್ದಾಳೆ. ನಾನು ಗಂಗವ್ವನ ಪಕ್ಷ. ನಾವಿಲ್ಲದಾಗ ಅಣ್ಣತಮ್ಮಂದಿರಿಬ್ಬರ ಊಟವನ್ನು ಓಣಿಯವರು ಹಂಚಿಕೊಂಡಿದ್ದಾರೆ, ಎಮ್ಮೆ ಹಿಂಡುವುದು ಶಂಕ್ರವ್ವನ ಪಾಲಿಗೆ. ಅಂದರೆ ತೀರಿಸಲು ಹೋಗಿ ಶಾಂತಾ ಇನ್ನಷ್ಟು ಹೊತ್ತುಕೊಂಡಳು. ಈ ಓಣಿಯಲ್ಲಿ ನನ್ನನ್ನು ಸೊಸೆಯಾಗಿ ತಂದು ಹಾಕಿದ ದೇವರಿಗೆ ನಾನು ಆಗಾಗ ಕೈ ಮುಗಿಯುತ್ತಿದ್ದೆ, ಈಗ ದಿನಾ ಮುಗಿಯುತ್ತೇನೆ.

ಮೊನ್ನೆ ಇಬ್ಬರೂ ಕೂತು ಪೆಟ್ಟಿಗೆ ತುಂಬಿದೆವು. ಮಜ್ಜಿಗೆ ಮೆಣಸು ಹಾಕಿದೆವು, ಗಂಗವ್ವ ಕೊಟ್ಟ ಶಾವಿಗೆಯ ಪೊಟ್ಟಣ ಹಾಕಿದೆವು. ಓಡಲಿಕ್ಕೆಂದು ಶಾಂತಾ ಕೊಂಡ ಬಿಳಿ ಬೂಟು ಎಲ್ಲದರ ಮೇಲೆ ಕೂತಿತು. ಬಹಳ ದಿನದಿಂದ ನಾಲಿಗೆಯ ತುದಿಯಲ್ಲಿದ್ದ ಮಾತನ್ನು ಆಗ ಹೇಳಿಬಿಟ್ಟೆ. "ಶಾಂತಾ, ನನ್ನ ಮಕ್ಕಳನ್ನ ಬೆಳಸಿದಿ, ಮನಿ ನಡಸಿದಿ. ಈ ಪ್ರವಾಸದಾಗ ನಿನ್ನ ಮುಯ್ಯಿ ಒಂಚೂರಾದ್ರೂ ತೀರಲಿ ಅಂತ ನನ್ನ ಆಸೆ."

ಅವಳು ಪೆಟ್ಟಿಗೆಯ ಮುಚ್ಚಳ ಹಾಕುತ್ತಿದ್ದವಳು ನಿಲ್ಲಿಸಿ, ಬೂಟು ತೆಗೆದು ಹೊರಗಿಟ್ಟಳು. "ತೀರಸಾಕ ಕರಕೊಂಡು ಹೊಂಟೀರೇನ್ರಿ? ಹಂಗಾರ ನಾ ಬರಂಗಿಲ್ಲ ನೋಡ್ರಿ."

"ಯಾಕವಾ?"

"ಗಂಗವ್ವಾರೇ ನಂದು ತೀರಸಗೊಡಲಿಲ್ಲ. ನೀವು ನನಗ ಗಂಗವ್ವಾರಗಿಂತ ಹೊರಗಿನವರೇನ್ರಿ? ತೀರಿ ಹೋತಂದ್ರ ನಮ್ಮಿಬ್ಬರ ನಡುವ ಉಳಿಯೂದಾದ್ರೂ ಏನು?"

ತಪ್ಪಾಯಿತು, ತೀರಿಸುವುದಿಲ್ಲ ಎಂದು ಒಪ್ಪಿಕೊಂಡ ಮೇಲೆಯೇ ಬೂಟು ಮತ್ತೆ ಪೆಟ್ಟಿಗೆ ಸೇರಿತು. ಮುಚ್ಚಳದ ಮೇಲೆ ಕೂತು ಜಿಪ್ ಎಳೆಯುತ್ತ ಅವಳು ಸಹಜವಾಗಿ ಹೇಳಿದಳು, "ಹಂಗ ನೋಡಿದ್ರ ಈ ಪ್ರವಾಸ ಈಗ ನನ್ನ ಮ್ಯಾಲೆ ಬಾಕಿ ಆತು. ಹೊಳ್ಳಿ ಬಂದ ಮ್ಯಾಲೆ, ಮಳಿ ಹಿಡಿದು ಹೊಳಿ ತುಂಬಿದಾಗ, ನಾ ನಿಮ್ಮನ್ನ ಮಾಗೋಡಕ್ಕ ಕರಕೊಂಡು ಹೋಗ್ತೀನಿ. ಬುತ್ತಿ ನಂದು."

ಯಲ್ಲಾಪುರದಲ್ಲಿ ಅಷ್ಟು ವರ್ಷ ಇದ್ದೂ ಮಾಗೋಡು ಜಲಪಾತವನ್ನು ನಾನು ನೋಡಿಲ್ಲ ಎಂಬುದು ಅವಳೊಬ್ಬಳಿಗೇ ಗೊತ್ತು. ಇಲ್ಲೇ ಇದೆಯಲ್ಲ, ಮುಂದಿನ ಭಾನುವಾರ ಹೋದರಾಯಿತು ಎಂದುಕೊಳ್ಳುತ್ತಲೇ ಪ್ರತಿ ಭಾನುವಾರ ಅವಳ ಕೈಯ ಊಟಕ್ಕೆ ಓಡಿ ಬರುತ್ತಿದ್ದೆ. ಕರ್ನಾಟಕದ ಜಲಪಾತಗಳ ಪಾಠದಲ್ಲಿ ಮಾತ್ರ ಕಣ್ಣಾರೆ ಕಂಡವಳಂತೆ ವರ್ಣಿಸುತ್ತಿದ್ದೆ. ಬರುತ್ತೇನೆ ಎಂದೆ. ನಾನು ಗ್ರೀಸಿನಿಂದ ಮರಳಿ ಬರುತ್ತೇನೆಂಬುದಕ್ಕೆ ಪೆನ್ಷನ್ನಿನ ಪುರಾವೆ ತೋರಿಸಿದ್ದೆ. ಅದನ್ನು ಅವರೇ ಇಟ್ಟುಕೊಳ್ಳಲಿ, ಶಾಂತಾ ಈಗ ಬುತ್ತಿ ಕಟ್ಟಿ ನನ್ನನ್ನು ಮಾಗೋಡಿಗೆ ಕರೆದೊಯ್ಯಬೇಕಿದೆ, ಅದಕ್ಕಾದರೂ ನಾನು ಮರಳಲೇಬೇಕು.